ಎರಡು ಮಿಲಿಮೀಟರ್ ಕಡ್ಡಿಯ ಲೆಕ್ಕ: ಹಲ್ಲಿನ ಫಿಲ್ಲಿಂಗ್ ಸಾಮಗ್ರಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸುವವರಿಗೆ

ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಎಷ್ಟು ಗಟ್ಟಿ ಎಂದು ನೋಡಲು ಐಎಸ್‌ಒ 4049 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವ ಪರೀಕ್ಷೆಯಲ್ಲಿ, 25 ಮಿ.ಮೀ. ಉದ್ದ, 2 ಮಿ.ಮೀ. ಅಗಲ, 2 ಮಿ.ಮೀ. ಎತ್ತರದ ಕಡ್ಡಿಯೊಂದನ್ನು ಎರಡು ಆಸರೆಗಳ ಮೇಲಿಟ್ಟು ನಡುವೆ ಒತ್ತಿ ಮುರಿಯುತ್ತಾರೆ. ಜಗಿಯುವ ಮೇಲ್ಮೈಗೆ ಬಳಸುವ, ಬಾಯಲ್ಲೇ ಬೆಳಕು ಹಾಯಿಸಿ ಗಟ್ಟಿ ಮಾಡುವ ಸಾಮಗ್ರಿಗೆ ಕನಿಷ್ಠ 80 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಬರಬೇಕು. ಕೇಳಲು ದೊಡ್ಡ ಸಂಖ್ಯೆ. ಲೆಕ್ಕ ಹಾಕಿ ನೋಡಿದರೆ ಆ ಕಡ್ಡಿ ಮುರಿಯಲು ಬೇಕಾದದ್ದು 21.3 ನ್ಯೂಟನ್, ಅಂದರೆ ಎರಡು ಕಿಲೋ ಚಿಲ್ಲರೆ ತೂಕ ಅಷ್ಟೆ.

ಈ 21 ನ್ಯೂಟನ್ ಅನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ತಪ್ಪುಗಳು ತಾನಾಗಿಯೇ ತಪ್ಪುತ್ತವೆ. ನಮ್ಮ ರಾಜ್ಯದ ಡೆಂಟಲ್ ಕಾಲೇಜುಗಳಲ್ಲಿ ಎಂಡಿಎಸ್ (ದಂತವೈದ್ಯ ಸ್ನಾತಕೋತ್ತರ ಪದವಿ) ಓದುವವರು ಪ್ರಬಂಧಕ್ಕಾಗಿ ಸ್ಯಾಂಪಲ್ ಮಾಡಿಕೊಂಡು, ಮುರಿಯಲು ಮಾತ್ರ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಯುಟಿಎಂ (ಎಳೆದು ಅಥವಾ ಒತ್ತಿ ಬಲ ಅಳೆಯುವ ಯಂತ್ರ) ಹುಡುಕಿಕೊಂಡು ಹೋಗುವುದು ಸಾಮಾನ್ಯ. ಅಲ್ಲಿ ಸಿಗುವ ಯಂತ್ರಕ್ಕೆ ಹೆಚ್ಚಾಗಿ 50 ಕಿಲೋನ್ಯೂಟನ್ ಲೋಡ್ ಸೆಲ್ (ಭಾರ ಅಳೆಯುವ ಭಾಗ) ಇರುತ್ತದೆ. ಸಿವಿಲ್ ವಿಭಾಗದ್ದಾದರೆ ಕಾಂಕ್ರೀಟ್ ಕ್ಯೂಬ್ ಪುಡಿ ಮಾಡುವ 1000 ಕಿಲೋನ್ಯೂಟನ್ ಯಂತ್ರವೂ ಇರಬಹುದು. 50 ಕಿಲೋನ್ಯೂಟನ್ ಸೆಲ್‌ಗೆ 21 ನ್ಯೂಟನ್ ಎಂದರೆ ಅದರ ಸಾಮರ್ಥ್ಯದ ಶೇ. 0.04. ಪರದೆ ಮೇಲೆ ಒಂದು ಅಂಕಿ ಬರುತ್ತದೆ ನಿಜ, ಆದರೆ ಅದು ಕಡ್ಡಿಯದೋ ಸೆಲ್‌ನ ಸಹಜ ಏರಿಳಿತದ್ದೋ ಹೇಳಲಾಗದು. ಫೋನ್ ಮಾಡಿ ಸ್ಲಾಟ್ ಕೇಳುವಾಗ ಮೊದಲು ಕೇಳಬೇಕಾದದ್ದು "ಯುಟಿಎಂ ಇದೆಯಾ ಸರ್" ಎಂದಲ್ಲ, "500 ನ್ಯೂಟನ್ ಅಥವಾ 1 ಕಿಲೋನ್ಯೂಟನ್ ಲೋಡ್ ಸೆಲ್ ಇದೆಯಾ, ಅದರ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಯಾವ ತಾರೀಖಿನದು" ಎಂದು. ಎರಡನೆಯ ಪ್ರಶ್ನೆ, 20 ಮಿ.ಮೀ. ಅಂತರದಲ್ಲಿ 2 ಮಿ.ಮೀ. ವ್ಯಾಸದ ಉರುಳೆಗಳಿರುವ ಮೂರು ಬಿಂದುವಿನ ಜಿಗ್ (ಕಡ್ಡಿ ಕೂರಿಸುವ ಚೌಕಟ್ಟು) ಇದೆಯೇ ಎಂಬುದು. ಇಲ್ಲದಿದ್ದರೆ ಮುಂಚೆಯೇ ಲೇತ್‌ನವರ ಹತ್ತಿರ ಮಾಡಿಸಿಕೊಳ್ಳಬೇಕು. ಸ್ಯಾಂಪಲ್ ತಯಾರಾದ ಮೇಲೆ ಜಿಗ್ ಹುಡುಕಲು ಹೊರಟರೆ, ಕಡ್ಡಿ ನೀರಿನಲ್ಲಿರಬೇಕಾದ 24 ಗಂಟೆ ಹೋಗಿ ನಾಲ್ಕು ದಿನವಾಗುತ್ತದೆ, ಆ ಫಲಿತಾಂಶವನ್ನು ಬೇರೆ ಯಾರದ್ದರ ಜೊತೆಗೂ ಹೋಲಿಸುವಂತಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಯಂತ್ರದ ವಿಷಯವಲ್ಲ. ಯಂತ್ರ ಕೊಡುವ ಸಂಖ್ಯೆ ಯಂತ್ರದ ಮುಂದೆ ಹುಟ್ಟುವುದಿಲ್ಲ. ಅದಕ್ಕೆ ಒಂದು ದಿನ ಮೊದಲು, ಅಚ್ಚಿನೊಳಗೆ ಸಾಮಗ್ರಿ ತುಂಬುವ ಮೇಜಿನ ಮೇಲೆಯೇ ಅದು ನಿರ್ಧಾರವಾಗಿರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕಡ್ಡಿ ಮಾಡುವುದು

ಸಿರಿಂಜ್ ಫ್ರಿಡ್ಜಿನಲ್ಲಿದ್ದರೆ ಕನಿಷ್ಠ ಒಂದು ಗಂಟೆ ಮೊದಲು, ಮುಚ್ಚಳ ತೆಗೆಯದೆ, ಹೊರಗಿಡಿ. ಫ್ರಿಡ್ಜಿನಿಂದ ತೆಗೆದ ಸ್ಟೀಲ್ ಲೋಟ ಬೆವರುವ ಹಾಗೆ ತಣ್ಣಗಿನ ಪೇಸ್ಟ್ ಮೇಲೂ ತೇವ ಕೂರುತ್ತದೆ. ಆ ತೇವ ರೆಸಿನ್‌ನೊಳಗೆ (ಪೇಸ್ಟಿನ ಅಂಟಿನಂಥ ಭಾಗ) ಸೇರಿದರೆ ಪದರಗಳು ಒಂದನ್ನೊಂದು ಬಿಡುತ್ತವೆ. ತಣ್ಣಗಿನ ಪೇಸ್ಟ್ ಗಡಸಾಗಿಯೂ ಇರುವುದರಿಂದ ಅಚ್ಚಿನ ಮೂಲೆಗೆ ಹರಿಯದೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೋಣೆ 23 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಏಪ್ರಿಲ್‌ನ ಕಲಬುರಗಿಯಲ್ಲಿ ಮಧ್ಯಾಹ್ನ ಎಸಿ ಇಲ್ಲದೆ ಮಾಡಿದ ಕಡ್ಡಿಯೂ ಡಿಸೆಂಬರ್‌ನ ಮಡಿಕೇರಿಯಲ್ಲಿ ಬೆಳಿಗ್ಗೆ ಮಾಡಿದ ಕಡ್ಡಿಯೂ ಒಂದೇ ಸಾಮಗ್ರಿಯದ್ದಾದರೂ ಒಂದೇ ಅಲ್ಲ, ಬಿಸಿ ಇದ್ದಷ್ಟೂ ಪಾಲಿಮರ್ ಆಗುವ (ಅಣುಗಳು ಕೊಂಡಿ ಬೆಸೆದು ಗಟ್ಟಿಯಾಗುವ) ಪ್ರಮಾಣ ಹೆಚ್ಚು.

ಕೋಣೆಯ ಬೆಳಕೂ ಶತ್ರುವೇ. ಕಾಂಪೋಸಿಟ್‌ನಲ್ಲಿರುವ ಕ್ಯಾಂಫರ್‌ಕ್ವಿನೋನ್ ಎಂಬ, ಗಟ್ಟಿಯಾಗುವುದನ್ನು ಶುರು ಮಾಡುವ ವಸ್ತು 468 ನ್ಯಾನೋಮೀಟರ್ ಸುತ್ತಮುತ್ತಲಿನ ನೀಲಿ ಬೆಳಕನ್ನು ಹೀರುತ್ತದೆ, ಟ್ಯೂಬ್‌ಲೈಟ್‌ನಲ್ಲೂ ಕಿಟಕಿಯ ಬಿಸಿಲಿನಲ್ಲೂ ಅದು ಧಾರಾಳವಾಗಿದೆ. ಗಾಜಿನ ಮೇಲೆ ಪೇಸ್ಟ್ ಹಾಕಿಟ್ಟು ಅಚ್ಚಿಗೆ ಎಣ್ಣೆ ಸವರುತ್ತ ಕೂತರೆ ಮೇಲ್ಪದರ ಅರೆಬರೆ ಗಟ್ಟಿಯಾಗಿ, ತುಂಬುವಾಗ ಮಡಿಕೆ ಬೀಳುತ್ತದೆ. ಮಡಿಕೆ ಎಂದರೆ ಬಿರುಕಿಗೆ ಸಿದ್ಧ ಬಾಗಿಲು. ಕಿಟಕಿಗೆ ಪರದೆ ಎಳೆದು, ಕೆಲಸದ ದೀಪಕ್ಕೆ ಹಳದಿ ಫಿಲ್ಟರ್ ಹಾಕಿಕೊಂಡರೆ ಸಾಕು.

ಅಚ್ಚು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿ ಬಿಚ್ಚುವಂತಿರಬೇಕು. ಬಿಚ್ಚಲಾಗದ ಅಚ್ಚಿನಿಂದ ಕಡ್ಡಿಯನ್ನು ತಳ್ಳಿ ತೆಗೆಯುವಾಗ ಕಣ್ಣಿಗೆ ಕಾಣದ ಬಿರುಕು ಬಿದ್ದಿರುತ್ತದೆ. ಒಳಗೋಡೆಗೆ ತೆಳ್ಳಗೆ ಮೇಣದ ದ್ರಾವಣ ಸವರಿ ಒಣಗಿಸಿ, ದಪ್ಪಗೆ ವ್ಯಾಸಲೀನ್ ಬಳಿಯಬೇಡಿ, ಅದು ರೆಸಿನ್‌ಗೆ ಬೆರೆಯುತ್ತದೆ. ಕೆಳಗೆ ಗಾಜಿನ ಸ್ಲೈಡ್, ಅದರ ಮೇಲೆ ಪಾರದರ್ಶಕ ಪಾಲಿಯೆಸ್ಟರ್ ಸ್ಟ್ರಿಪ್, ಅದರ ಮೇಲೆ ಅಚ್ಚು. ಪೇಸ್ಟನ್ನು ಚೂರು ಚೂರಾಗಿ ತುರುಕದೆ, ಅಚ್ಚಿನ ಉದ್ದಕ್ಕೂ ಒಂದೇ ಎಳೆಯಾಗಿ, ಸ್ವಲ್ಪ ಹೆಚ್ಚೇ ತುಂಬಿ, ಮೇಲೆ ಇನ್ನೊಂದು ಸ್ಟ್ರಿಪ್ ಮತ್ತು ಇನ್ನೊಂದು ಸ್ಲೈಡ್ ಇಟ್ಟು ಕ್ಲ್ಯಾಂಪ್ ಬಿಗಿ ಮಾಡಿ. ಹೆಚ್ಚಾದದ್ದು ಪಕ್ಕಕ್ಕೆ ಹರಿದು ಹೋಗುವಾಗ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಸ್ಟ್ರಿಪ್ ಹಾಕದೆ ಗಾಳಿಗೆ ಬಿಟ್ಟರೆ ಆಮ್ಲಜನಕ ಮೇಲ್ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ, ಅಂಟಂಟಾದ ಪದರ ಉಳಿದು ಎತ್ತರದ ಅಳತೆಯೇ ಸುಳ್ಳಾಗುತ್ತದೆ. ಸ್ಲೈಡಿನ ಕೆಳಗೆ ಏನಿದೆ ಎಂಬುದನ್ನೂ ಗಮನಿಸಿ. ಬಿಳಿ ಕಾಗದ ಬೆಳಕನ್ನು ಮೇಲಕ್ಕೆ ಹಿಂತಿರುಗಿಸುತ್ತದೆ, ಕಪ್ಪು ಗ್ರಾನೈಟ್ ಮೇಜು ನುಂಗುತ್ತದೆ. ಯಾವುದಾದರೊಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

ಈಗ ಬೆಳಕು. ಚದರ ಸೆಂಟಿಮೀಟರಿಗೆ 1000 ಮಿಲಿವ್ಯಾಟ್ ಕೊಡುವ ಎಲ್‌ಇಡಿ ಲೈಟನ್ನು 20 ಸೆಕೆಂಡ್ ಹಿಡಿದರೆ ಅಷ್ಟು ಜಾಗಕ್ಕೆ ಸಿಗುವುದು 20 ಜೂಲ್. ಆದರೆ ಲೈಟಿನ ತುದಿ ಸುಮಾರು 8 ಮಿ.ಮೀ. ಅಗಲ, ಕಡ್ಡಿ 25 ಮಿ.ಮೀ. ಉದ್ದ. ಹಾಗಾಗಿ ಮೊದಲು ನಡುಮಧ್ಯಕ್ಕೆ ಹಿಡಿದು, ನಂತರ ತುದಿಯ ಅರ್ಧ ವ್ಯಾಸದಷ್ಟು ಪಕ್ಕಕ್ಕೆ ಸರಿಸಿ, ಹಿಂದಿನ ಜಾಗದ ಮೇಲೆ ಅರ್ಧ ಹಾಯುವಂತೆ ಮತ್ತೊಮ್ಮೆ, ಹೀಗೆ ಎರಡೂ ಕಡೆ ಕೊನೆ ಮುಟ್ಟುವವರೆಗೆ ಹೋಗಬೇಕು. 8 ಮಿ.ಮೀ. ತುದಿಗೆ ಒಂದು ಮುಖಕ್ಕೆ ಏಳು ಜಾಗ ಬರುತ್ತದೆ. ಅಚ್ಚನ್ನು ತಿರುಗಿಸಿ ಕೆಳಮುಖಕ್ಕೂ ಅಷ್ಟೇ. 20 ಸೆಕೆಂಡಿನಂತೆ ಹಿಡಿದರೆ ಒಂದು ಕಡ್ಡಿಗೆ 280 ಸೆಕೆಂಡ್ ಲೈಟ್ ಉರಿಯುತ್ತದೆ. ಹತ್ತಾರು ಕಡ್ಡಿ ಒಂದೇ ಸಮ ಮಾಡುತ್ತ ಹೋದರೆ ಲೈಟ್ ಬಿಸಿಯಾಗುತ್ತದೆ, ಕೆಲವು ಲೈಟುಗಳಲ್ಲಿ ಬ್ಯಾಟರಿ ಇಳಿದಂತೆ ಬೆಳಕೂ ಇಳಿಯುತ್ತದೆ. ಮೊದಲ ಗುಂಪು ಗಟ್ಟಿ, ಕೊನೆಯ ಗುಂಪು ಮೆತ್ತಗೆ ಎಂಬ ಫಲಿತಾಂಶ ಬಂದು, ಅದನ್ನೇ ಸಾಮಗ್ರಿಯ ವ್ಯತ್ಯಾಸ ಎಂದು ಬರೆದುಬಿಡುವ ಅಪಾಯ ಇಲ್ಲಿದೆ. ಒಂದು ಬ್ರ್ಯಾಂಡ್ ಪೂರ್ತಿ ಮುಗಿಸಿ ಇನ್ನೊಂದು ಹಿಡಿಯಬೇಡಿ, ಚೀಟಿ ಎತ್ತಿ ಬೆರೆಸಿ ಮಾಡಿ. ಪ್ರತಿ ಐದು ಕಡ್ಡಿಗೊಮ್ಮೆ ರೇಡಿಯೋಮೀಟರಿನಲ್ಲಿ (ಬೆಳಕಿನ ಬಲ ಅಳೆಯುವ ಮೀಟರು) ನೋಡಿ ಬರೆದಿಡಿ. ಕೈಯಲ್ಲಿ ಹಿಡಿಯುವ ಆ ಮೀಟರುಗಳ ಅಂಕಿಯನ್ನು ಪರಮ ಸತ್ಯ ಎಂದುಕೊಳ್ಳಬೇಕಿಲ್ಲ, ಆದರೆ ನಿನ್ನೆಗಿಂತ ಇವತ್ತು ಇಳಿದಿದೆಯೇ ಎಂದು ತಿಳಿಯಲು ಅವು ಸಾಕು. ತುದಿಗೆ ಹಳೆಯ ಕಾಂಪೋಸಿಟ್ ಚೂರು ಅಂಟಿದ್ದರೆ ಮೊದಲು ಅದನ್ನು ತೆಗೆಯಿರಿ. ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ತುದಿಯನ್ನು ನೋಡುತ್ತಲೇ ಹಿಡಿಯಿರಿ. ಕನ್ನಡಕವಿಲ್ಲದೆ ಮುಖ ತಿರುಗಿಸಿದರೆ ಕೈಯೂ ಜೊತೆಗೆ ಸರಿಯುತ್ತದೆ.

ಈ ಅರ್ಧ ಹಾಯಿಸುವ ಕ್ರಮಕ್ಕೆ ಒಂದು ಕೊರತೆಯಿದೆ, ಅದನ್ನು ಒಪ್ಪಿಕೊಂಡೇ ಬಳಸಬೇಕು. ಕಡ್ಡಿಯ ಬಹುಪಾಲು ಜಾಗಕ್ಕೆ ಎರಡು ಪಟ್ಟು ಬೆಳಕು ಸಿಗುತ್ತದೆ, ಅದೂ ಎರಡು ಮುಖದಿಂದ. ರೋಗಿಯ ಹಲ್ಲಿನಲ್ಲಿ ಹಾಗಾಗುವುದಿಲ್ಲ. ಅದಕ್ಕೇ ಕೆಲವರು 12 ಮಿ.ಮೀ. ಉದ್ದದ ಕಡ್ಡಿ ಮಾಡಿ 10 ಮಿ.ಮೀ. ಅಂತರದಲ್ಲಿ ಮುರಿಯುತ್ತಾರೆ, ಅಗಲವಾದ ತುದಿಯಿದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಸಾಮಗ್ರಿಯೂ ಅರ್ಧ ಸಾಕು. ಬಾಯಿಯ ಸ್ಥಿತಿಗೆ ಇದು ಹತ್ತಿರ ಎಂದು ನನ್ನ ಅಭಿಪ್ರಾಯ. ಆದರೆ ಚಿಕ್ಕ ಕಡ್ಡಿಯ ಸಂಖ್ಯೆಯನ್ನು 80 ಮೆಗಾಪ್ಯಾಸ್ಕಲ್ ಮಿತಿಯ ಪಕ್ಕ ಇಟ್ಟು "ಪಾಸ್" ಎನ್ನುವಂತಿಲ್ಲ, ಆ ಮಿತಿ ದೊಡ್ಡ ಕಡ್ಡಿಗೆ ಬರೆದದ್ದು.

ಬೆಳಕು ಮುಗಿದ ಮೇಲೆ ಅಚ್ಚನ್ನು ಹಾಗೆಯೇ 37 ಡಿಗ್ರಿ ನೀರಿನಲ್ಲಿ 15 ನಿಮಿಷ ಇಟ್ಟು, ಆಮೇಲೆ ಬಿಚ್ಚಿ. ಅಂಚಿನಲ್ಲಿ ಉಳಿದ ತೆಳು ರೆಕ್ಕೆಗಳನ್ನು 320 ಗ್ರಿಟ್ ಪೇಪರಿನ ಮೇಲೆ ಮೆಲ್ಲಗೆ ಉಜ್ಜಿ ತೆಗೆಯಬೇಕು. ಗೀರು ಬೀಳುವುದಾದರೆ ಕಡ್ಡಿಯ ಉದ್ದಕ್ಕೆ ಬೀಳಲಿ, ಅಡ್ಡಕ್ಕೆ ಬೇಡ. ಕೆಳಮುಖದ ಅಡ್ಡ ಗೀರೊಂದೇ ಮುರಿತ ಶುರುವಾಗಲು ಸಾಕು. ನಂತರ ಬೆಳಕಿಗೆ ಹಿಡಿದು ನೋಡಿ, ಗುಳ್ಳೆ ಕಂಡ ಕಡ್ಡಿಯನ್ನು ಪಕ್ಕಕ್ಕಿಡಿ. ಈ ಆಯ್ಕೆ ಮುರಿಯುವ ಮೊದಲೇ ಆಗಬೇಕು. ಮುರಿದ ಮೇಲೆ ಸಂಖ್ಯೆ ಕಡಿಮೆ ಬಂತೆಂದು "ಗುಳ್ಳೆ ಇತ್ತು" ಎಂದು ಕೈಬಿಡುವುದು ಪರೀಕ್ಷೆಯಲ್ಲ. ಉಳಿದವು ಬೆಳಕು ಹಾಯಿಸಿದಾಗಿನಿಂದ 24 ಗಂಟೆಯಾಗುವವರೆಗೆ 37 ಡಿಗ್ರಿಯ ನೀರಿನಲ್ಲಿರಬೇಕು.

ಮುರಿಯುವುದು, ಅಳೆಯುವುದು

ಮುರಿಯುವ ಮುಂಚೆ ಕಡ್ಡಿಯ ನಡುವೆ ಅಗಲ ಎತ್ತರ ಎರಡನ್ನೂ ಮೈಕ್ರೋಮೀಟರಿನಲ್ಲಿ 0.01 ಮಿ.ಮೀ.ವರೆಗೆ ಅಳೆಯಿರಿ. ಅಚ್ಚು 2 ಮಿ.ಮೀ. ಇದೆ, ಹಾಗಾಗಿ ಕಡ್ಡಿಯೂ 2 ಮಿ.ಮೀ. ಎಂದು ಬರೆದುಕೊಳ್ಳುವುದು ಎಲ್ಲಕ್ಕಿಂತ ದುಬಾರಿ ಸೋಮಾರಿತನ. ಸೂತ್ರದಲ್ಲಿ ಭಾರದ ಮೂರು ಪಟ್ಟನ್ನು ಅಂತರದಿಂದ ಗುಣಿಸಿ, ಅಗಲದ ಎರಡು ಪಟ್ಟು ಮತ್ತು ಎತ್ತರದ ವರ್ಗದಿಂದ ಭಾಗಿಸುತ್ತೇವೆ. ವರ್ಗ ಇರುವುದರಿಂದ ಎತ್ತರದ ತಪ್ಪು ದುಪ್ಪಟ್ಟಾಗುತ್ತದೆ. ಸರಿಯಾಗಿ 2 ಮಿ.ಮೀ. ಇದ್ದರೆ ಪ್ರತಿ ನ್ಯೂಟನ್‌ಗೆ 3.75 ಮೆಗಾಪ್ಯಾಸ್ಕಲ್. ಉಜ್ಜಿ ಉಜ್ಜಿ ಎತ್ತರ 1.90ಕ್ಕೆ ಇಳಿದಿದ್ದರೆ ಪ್ರತಿ ನ್ಯೂಟನ್‌ಗೆ 4.16. ಅಳೆಯದೆ 2 ಎಂದು ಹಾಕಿದರೆ ಒಳ್ಳೆಯ ಸಾಮಗ್ರಿಯ ಶಕ್ತಿಯನ್ನು ಶೇ. 10ರಷ್ಟು ಕಡಿಮೆ ಬರೆದಂತಾಗುತ್ತದೆ. ಎರಡು ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಅಷ್ಟಿರುವುದಿಲ್ಲ. ಇನ್ನು, ಅಗಲ ಯಾವುದು ಎತ್ತರ ಯಾವುದು ಎಂದು ಅಳೆಯುವಾಗಲೇ ಪೆನ್ಸಿಲಿನಲ್ಲಿ ತುದಿಗೆ ಗುರುತು ಹಾಕಿ, ಜಿಗ್ ಮೇಲೆ ಇಡುವಾಗ ಮಗುಚಿಹೋದರೆ ಇಡೀ ಅಳತೆ ನೀರಲ್ಲಿ ಹೋಮ.

ಕ್ರಾಸ್‌ಹೆಡ್ (ಯಂತ್ರದಲ್ಲಿ ಇಳಿದು ಒತ್ತುವ ಭಾಗ) ವೇಗ ನಿಮಿಷಕ್ಕೆ 0.75 ಮಿ.ಮೀ., ಅದರಿಂದ 0.25 ಆಚೀಚೆ ಇರಬಹುದು. ವೇಗ ಹೆಚ್ಚಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಸಂಖ್ಯೆಯೂ ಬದಲಾಗುತ್ತದೆ, ಏಕೆಂದರೆ ರೆಸಿನ್ ನಿಧಾನ ಭಾರಕ್ಕೆ ಬಾಗಿಕೊಡುವಷ್ಟು ವೇಗದ ಭಾರಕ್ಕೆ ಬಾಗುವುದಿಲ್ಲ. ಕಡ್ಡಿಯನ್ನು ನೀರಿನಿಂದ ತೆಗೆದ ಕೂಡಲೇ ಮುರಿಯಿರಿ, ಟಿಶ್ಯೂ ಮೇಲೆ ಸಾಲಾಗಿ ಜೋಡಿಸಿಟ್ಟು ಒಣಗಿಸಬೇಡಿ.

ಮಾನಕದ ಪ್ರಕಾರ ಐದು ಕಡ್ಡಿ. ನಾಲ್ಕು ಅಥವಾ ಐದೂ ಮಿತಿ ದಾಟಿದರೆ ಸಾಮಗ್ರಿ ತೇರ್ಗಡೆ. ಮೂರು ಅಥವಾ ಹೆಚ್ಚು ಕಡ್ಡಿ ಮಿತಿಗಿಂತ ಕೆಳಗಿದ್ದರೆ ನಪಾಸು. ಮೂರು ಮಾತ್ರ ದಾಟಿದ್ದರೆ ಪೂರ್ತಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು, ಆಗ ಒಂದು ಕಡ್ಡಿ ಸೋತರೂ ಸೋಲೇ. ಗಮನಿಸಿ, ಇಲ್ಲಿ ಸರಾಸರಿಯ ಮಾತೇ ಇಲ್ಲ. ಇದು ಮಾರುಕಟ್ಟೆಗೆ ಬಿಡಬಹುದೇ ಎಂದು ನೋಡುವ ಪರೀಕ್ಷೆ. ಎರಡು ಸಾಮಗ್ರಿ ಹೋಲಿಸುವ ಸಂಶೋಧನೆಗೆ ಐದು ಸಾಲದು. ಇಂಥ ಸಾಮಗ್ರಿಗಳು ಒಳಗಿನ ಅತಿದೊಡ್ಡ ದೋಷದಿಂದ ಮುರಿಯುವುದರಿಂದ, ಸರಾಸರಿಯಷ್ಟೇ ಮುಖ್ಯ ಹರಡಿಕೆ. ಅದನ್ನು ತೋರಿಸುವುದು ವೈಬುಲ್ ಎಂಬ ಅಂಕಿಅಂಶ ವಿಶ್ಲೇಷಣೆ, ಅದಕ್ಕೆ ಗುಂಪಿಗೆ 30ರಷ್ಟು ಕಡ್ಡಿ ಬೇಕು. 140 ಸರಾಸರಿಯಿದ್ದು ಕೆಲವು ಕಡ್ಡಿ 70ಕ್ಕೇ ಮುರಿಯುವ ಸಾಮಗ್ರಿಗಿಂತ, 115 ಸರಾಸರಿಯಿದ್ದು ಯಾವುದೂ 95ಕ್ಕಿಂತ ಕೆಳಗೆ ಇಳಿಯದ ಸಾಮಗ್ರಿಯನ್ನು ನಾನು ದವಡೆ ಹಲ್ಲಿಗೆ ಆರಿಸುತ್ತೇನೆ. ರೋಗಿಯ ಬಾಯಲ್ಲಿರುವುದು ಸರಾಸರಿಯಲ್ಲ, ಒಂದು ಫಿಲ್ಲಿಂಗ್.

ಮುರಿದ ತುಂಡುಗಳನ್ನು ಎಸೆಯಬೇಡಿ. ಸ್ಟೀರಿಯೋಮೈಕ್ರೋಸ್ಕೋಪಿನಡಿ 40 ಪಟ್ಟು ಹಿಗ್ಗಿಸಿ ನೋಡಿದರೆ ಮುರಿತ ಎಲ್ಲಿಂದ ಶುರುವಾಯಿತೆಂದು ಹೆಚ್ಚಾಗಿ ಕಾಣುತ್ತದೆ. ಕೆಳಮುಖದ ಹತ್ತಿರ ಕನ್ನಡಿಯಂತೆ ನುಣುಪಾದ ಅರ್ಧಚಂದ್ರ, ಅದರ ಸುತ್ತ ಒರಟು ಕಿರಣಗಳು. ಆ ನುಣುಪಿನ ನಡುವೆ ದುಂಡನೆಯ ಗುಳ್ಳೆಯಿದ್ದರೆ ತುಂಬುವ ಕೈ ಸುಧಾರಿಸಬೇಕು. ಅಂಚಿನ ಮೂಲೆಯಿಂದ ಶುರುವಾಗಿದ್ದರೆ ಉಜ್ಜುವ ಕೈ. ಎರಡೂ ಅಲ್ಲದಿದ್ದರೆ ಸಾಮಗ್ರಿಯದ್ದೇ ದೋಷ, ಆಗ ಮಾತ್ರ ಸಂಖ್ಯೆಯನ್ನು ಸಾಮಗ್ರಿಯ ಲೆಕ್ಕಕ್ಕೆ ಧೈರ್ಯವಾಗಿ ಬರೆಯಬಹುದು.

ಮುರಿಯುವಾಗ ಯಂತ್ರ ಬರೆಯುವ ಭಾರ ಮತ್ತು ಬಾಗುವಿಕೆಯ ಗ್ರಾಫಿನಿಂದ ಇಲಾಸ್ಟಿಕ್ ಮಾಡ್ಯುಲಸ್ (ಸಾಮಗ್ರಿ ಬಾಗದೆ ನಿಲ್ಲುವ ಬಿಗುವಿನ ಅಳತೆ) ಕೂಡ ತೆಗೆಯುತ್ತಾರೆ. ಅಲ್ಲಿ ಎತ್ತರ ಮೂರನೆಯ ಘಾತಕ್ಕೆ ಏರುವುದರಿಂದ ಅಳತೆಯ ತಪ್ಪು ಮೂರು ಪಟ್ಟು. ಜೊತೆಗೆ, ಕ್ರಾಸ್‌ಹೆಡ್ ಇಳಿದ ದೂರವನ್ನೇ ಕಡ್ಡಿ ಬಾಗಿದ ದೂರ ಎಂದು ತೆಗೆದುಕೊಂಡರೆ ಜಿಗ್ ಮತ್ತು ಯಂತ್ರ ಬಾಗಿದ್ದೂ ಅದರಲ್ಲಿ ಸೇರಿ, ಸಾಮಗ್ರಿ ಇರುವುದಕ್ಕಿಂತ ಮೆತ್ತಗೆ ಕಾಣುತ್ತದೆ. ದಪ್ಪ ಸ್ಟೀಲ್ ತುಂಡೊಂದನ್ನು ಅದೇ ಜಿಗ್ ಮೇಲೆ ಒತ್ತಿ ಯಂತ್ರದ ಪಾಲು ಎಷ್ಟೆಂದು ತಿಳಿದು ಕಳೆಯಬೇಕು.

ಗ್ಲಾಸ್ ಅಯಾನೋಮರ್ ಎಂಬ ಇನ್ನೊಂದು ಫಿಲ್ಲಿಂಗ್ ಸಾಮಗ್ರಿಯ ವಿಷಯಕ್ಕೆ ಬಂದರೆ ಪರೀಕ್ಷೆ ಬೇರೆ. 4 ಮಿ.ಮೀ. ವ್ಯಾಸ, 6 ಮಿ.ಮೀ. ಎತ್ತರದ ಸಿಲಿಂಡರ್ ಮಾಡಿ ಉದ್ದಕ್ಕೆ ಅದುಮುತ್ತಾರೆ. ಫಿಲ್ಲಿಂಗ್‌ಗೆ ಬೇಕಾದ 100 ಮೆಗಾಪ್ಯಾಸ್ಕಲ್ ಬರಲು 1257 ನ್ಯೂಟನ್ ಬೇಕು, ಕಡ್ಡಿಗೆಂದು ಕೇಳಿದ 500 ನ್ಯೂಟನ್ ಸೆಲ್ ಇಲ್ಲಿ ಹಾಳಾಗುತ್ತದೆ. ಎರಡು ತುದಿಗಳೂ ಒಂದಕ್ಕೊಂದು ಸಮಾಂತರ ಇರಬೇಕು, ಇಲ್ಲದಿದ್ದರೆ ಭಾರ ಒಂದೇ ಅಂಚಿಗೆ ಬಿದ್ದು ಸಿಪ್ಪೆ ಎದ್ದಂತೆ ಒಡೆಯುತ್ತದೆ. ಉಜ್ಜುವಾಗ ನೀರು ಹರಿಯುತ್ತಿರಲಿ, ಒಣಗಿದರೆ ಈ ಸಾಮಗ್ರಿ ತಾನಾಗಿಯೇ ಬಿರುಕು ಬಿಡುತ್ತದೆ.

ಎಷ್ಟು ಆಳಕ್ಕೆ ಗಟ್ಟಿಯಾಯಿತು

ಇದು ಅತಿ ಸರಳ ಪರೀಕ್ಷೆ, ಯುಟಿಎಂ ಬೇಡ. 4 ಮಿ.ಮೀ. ವ್ಯಾಸ, 6 ಮಿ.ಮೀ. ಆಳದ ಸ್ಟೀಲ್ ಅಚ್ಚಿಗೆ ಸಾಮಗ್ರಿ ತುಂಬಿ, ಮೇಲಿನಿಂದ ಮಾತ್ರ ಬೆಳಕು ಹಾಯಿಸಿ, ತಕ್ಷಣ ಹೊರತೆಗೆದು, ಕೆಳಗಿನ ಮೆತ್ತನೆಯ ಭಾಗವನ್ನು ಪ್ಲಾಸ್ಟಿಕ್ ಸ್ಪ್ಯಾಚುಲಾದಲ್ಲಿ ಕೆರೆದು ತೆಗೆದು, ಉಳಿದ ಎತ್ತರ ಅಳೆದು ಎರಡರಿಂದ ಭಾಗಿಸಬೇಕು. ಭಾಗಿಸುವುದೇಕೆಂದರೆ, ಸ್ಪ್ಯಾಚುಲಾಗೆ ಬಗ್ಗದ ಭಾಗವೆಲ್ಲ ಸರಿಯಾಗಿ ಗಟ್ಟಿಯಾಗಿದೆ ಎಂದಲ್ಲ, ಅದರ ಕೆಳಗಿನ ಅರ್ಧದಲ್ಲಿ ಪಾಲಿಮರ್ ಆಗದ ಮೊನೋಮರ್ ಇನ್ನೂ ಬಹಳವಿರುತ್ತದೆ. ಅಪಾರದರ್ಶಕ ಶೇಡ್‌ಗೆ ಕನಿಷ್ಠ 1 ಮಿ.ಮೀ., ಉಳಿದವಕ್ಕೆ 1.5 ಮಿ.ಮೀ. ಬರಬೇಕು. 4 ಮಿ.ಮೀ. ಒಂದೇ ಸಲಕ್ಕೆ ತುಂಬಬಹುದು ಎನ್ನುವ ಬಲ್ಕ್‌ಫಿಲ್ ಸಾಮಗ್ರಿಗೆ 6 ಮಿ.ಮೀ. ಅಚ್ಚು ಸಾಲುವುದಿಲ್ಲ, ಹೇಳಿಕೊಂಡ ಆಳದ ಎರಡು ಪಟ್ಟಿಗೆ 2 ಮಿ.ಮೀ. ಸೇರಿಸಿ, ಅಂದರೆ 10 ಮಿ.ಮೀ. ಅಚ್ಚು ಬೇಕು. ಲೇತ್‌ನವರು ಸುಲಭ ಎಂದು ಬಿಳಿ ಟೆಫ್ಲಾನ್‌ನಲ್ಲಿ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಬಿಳಿ ಗೋಡೆಯೊಳಗೆ ಬೆಳಕು ಚದುರಿ ಕೆಳಕ್ಕಿಳಿದು ಆಳ ಹೆಚ್ಚು ಬರುತ್ತದೆ. ಕಂಪನಿಯವರಿಗೆ ಅದು ಖುಷಿ ಕೊಡಬಹುದು, ಹಲ್ಲಿಗಲ್ಲ.

ನೀರು ಕುಡಿಯುವ ಪ್ರಮಾಣ

15 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪದ ಬಿಲ್ಲೆಗಳನ್ನು ಮೊದಲು ಪೂರ್ತಿ ಒಣಗಿಸಿ, ಏಳು ದಿನ ನೀರಿನಲ್ಲಿಟ್ಟು, ಮತ್ತೆ ಪೂರ್ತಿ ಒಣಗಿಸಿ, ಮೂರು ತೂಕ ತೆಗೆಯುತ್ತಾರೆ. ನೀರು ಹೀರಿಕೆ ಘನ ಮಿಲಿಮೀಟರಿಗೆ 40 ಮೈಕ್ರೋಗ್ರಾಂ, ಕರಗುವಿಕೆ 7.5 ಮೈಕ್ರೋಗ್ರಾಂ ಮೀರಬಾರದು. ಬಿಲ್ಲೆಯ ಗಾತ್ರ ಸುಮಾರು 177 ಘನ ಮಿಲಿಮೀಟರ್. ಹಾಗಾಗಿ ಕರಗುವಿಕೆಯ ಮಿತಿ ಎಂದರೆ ಇಡೀ ಬಿಲ್ಲೆಯಿಂದ 1.3 ಮಿಲಿಗ್ರಾಂ ಹೋಗುವುದು. ತೂಕದಲ್ಲಿ 0.1 ಮಿಲಿಗ್ರಾಂ ತಪ್ಪಿದರೂ ಫಲಿತಾಂಶದಲ್ಲಿ 0.57 ಮೈಕ್ರೋಗ್ರಾಂ ಆಚೀಚೆ ಆಗುತ್ತದೆ. ಬೆರಳಿನ ಜಿಡ್ಡೂ ಲೆಕ್ಕಕ್ಕೆ ಬರುವ ಜಾಗ ಇದು, ಚಿಮಟ ಇಲ್ಲದೆ ಮುಟ್ಟಬಾರದು.

ತಾಳ್ಮೆ ಕೆಡುವುದು ಒಣಗಿಸುವಲ್ಲಿ. 37 ಡಿಗ್ರಿಯ ಡೆಸಿಕೇಟರಿನಲ್ಲಿ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪಾತ್ರೆ) 22 ಗಂಟೆ, ನಂತರ 23 ಡಿಗ್ರಿಯ ಇನ್ನೊಂದರಲ್ಲಿ 2 ಗಂಟೆ, ಆಮೇಲೆ ತೂಕ. 24 ಗಂಟೆಯಲ್ಲಿ 0.1 ಮಿಲಿಗ್ರಾಂಗಿಂತ ಹೆಚ್ಚು ಇಳಿಯದಾಗುವವರೆಗೆ ದಿನಾ ಇದೇ. ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಸಿಲಿಕಾ ಜೆಲ್‌ನ ನೀಲಿ ಬಣ್ಣ ಗುಲಾಬಿಗೆ ತಿರುಗಿದ ಮೇಲೂ ಅದನ್ನೇ ಬಳಸಿದರೆ ತೂಕ ನಿಂತಂತೆ ಕಾಣುತ್ತದೆ, ನಿಂತಿರುವುದು ಬಿಲ್ಲೆ ಒಣಗಿದ್ದರಿಂದಲ್ಲ, ಜೆಲ್‌ಗೆ ಹೀರುವ ಶಕ್ತಿ ಇಲ್ಲದ್ದರಿಂದ. ಜೆಲ್ಲನ್ನು 130 ಡಿಗ್ರಿಯಲ್ಲಿ 5 ಗಂಟೆ ಒಣಗಿಸಿ ಹಾಕಬೇಕು. ಮಳೆಗಾಲದ ಮಂಗಳೂರು, ಮಣಿಪಾಲದಂಥ ಕಡೆ ಡೆಸಿಕೇಟರಿನ ಮುಚ್ಚಳ ತೆಗೆದು ಹಾಕುವ ಆ ಕ್ಷಣದಲ್ಲೇ ಒಳಗೆ ತೇವ ಸೇರುತ್ತದೆ, ಬಿಲ್ಲೆಗಳನ್ನು ಒಂದೊಂದಾಗಿ ಬೇಗ ತೆಗೆದು ತೂಗಿ. ನೀರಿನಿಂದ ತೆಗೆದದ್ದನ್ನು ತೂಗಲೂ ಒಂದೇ ಕ್ರಮ ಇಟ್ಟುಕೊಳ್ಳಿ: ಒರೆಸಿ, ಗಾಳಿಯಲ್ಲಿ 15 ಸೆಕೆಂಡ್ ಬೀಸಿ, ನೀರಿನಿಂದ ಹೊರಬಂದ 1 ನಿಮಿಷಕ್ಕೆ ಸರಿಯಾಗಿ ತೂಕ. ಕೊನೆಯ ತೂಕ ಮೊದಲಿನದಕ್ಕಿಂತ ಹೆಚ್ಚು ಬಂದು ಕರಗುವಿಕೆ ಋಣ ಸಂಖ್ಯೆಯಾದರೆ ಗಾಬರಿಯಾಗಿ ಸೊನ್ನೆ ಎಂದು ತಿದ್ದಬೇಡಿ. ಒಣಗಿಸುವುದು ಪೂರ್ತಿಯಾಗಿಲ್ಲ, ಇಲ್ಲವೇ ಸಾಮಗ್ರಿ ನೀರನ್ನು ತನ್ನೊಳಗೆ ಕಟ್ಟಿಕೊಂಡಿದೆ. ಇದ್ದದ್ದನ್ನು ಇದ್ದಂತೆ ಬರೆಯಿರಿ.

ಹಲ್ಲಿಗೆ ಅಂಟುವ ಬಲ

ಹಲ್ಲಿನ ಮೇಲೆ ಸಾಮಗ್ರಿಯ ಸಣ್ಣ ಸಿಲಿಂಡರ್ ಅಂಟಿಸಿ, ಅಲಗಿನಿಂದ ಒತ್ತಿ ಕಿತ್ತು, ಬೇಕಾದ ಬಲ ಅಳೆಯುತ್ತಾರೆ. ಅತಿ ಹೆಚ್ಚು ಮಾಡುವ ಪರೀಕ್ಷೆ ಇದು, ಅತಿ ಕಡಿಮೆ ನಂಬಬಹುದಾದದ್ದೂ ಇದೇ. ಬಾಂಡ್ ಸ್ಟ್ರೆಂತ್‌ನಲ್ಲಿ ಶೇ. 20ರಿಂದ 50ರವರೆಗೆ ಹರಡಿಕೆ ಸಹಜ ಎಂದು ಐಎಸ್‌ಒ 11405 ತಾನೇ ಒಪ್ಪಿಕೊಂಡಿದೆ. 50 ದಾಟಿದರೆ ವಿಧಾನವನ್ನೇ ಮೊದಲಿಂದ ಪರಿಶೀಲಿಸಬೇಕು.

ಮೊದಲ ಗೊಂದಲ ಹಲ್ಲಿನದ್ದು. ಬೇರೆ ಕಾರಣಕ್ಕೆ ಕಿತ್ತ ಮೂರನೆಯ ದವಡೆ ಹಲ್ಲುಗಳನ್ನು, ಎಥಿಕ್ಸ್ ಕಮಿಟಿ ಒಪ್ಪಿಗೆಯೊಂದಿಗೆ ಸಂಗ್ರಹಿಸಿ, ಕೂಡಲೇ ತೊಳೆದು, ಶೇ. 0.5 ಕ್ಲೋರಮೈನ್-ಟಿ ದ್ರಾವಣದಲ್ಲಿ ಹೆಚ್ಚೆಂದರೆ ಒಂದು ವಾರ ಇಟ್ಟು, ನಂತರ 4 ಡಿಗ್ರಿಯಲ್ಲಿ ಡಿಸ್ಟಿಲ್ಡ್ ನೀರಿಗೆ ಹಾಕಬೇಕು. ಆರು ತಿಂಗಳೊಳಗೆ ಬಳಸಿ ಮುಗಿಸಬೇಕು. ಕ್ಲಿನಿಕ್‌ಗಳಲ್ಲಿ ವರ್ಷಗಟ್ಟಲೆ ಫಾರ್ಮಲಿನ್ ಬಾಟಲಿಯಲ್ಲಿ ಕೂಡಿಟ್ಟ ಹಲ್ಲುಗಳು ಸುಲಭವಾಗಿ ಸಿಗುತ್ತವೆ, ಆದರೆ ಫಾರ್ಮಲಿನ್ ಹಲ್ಲಿನ ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ನ ಕೊಲಾಜೆನನ್ನು ಬಿಗಿದು ಬದಲಿಸುತ್ತದೆ. ಅಂಟು ಹಿಡಿಯುವುದೇ ಆ ಕೊಲಾಜೆನ್ ಜಾಲದೊಳಗೆ. ಹಲ್ಲಿನ ಯಾವ ಆಳದ ಡೆಂಟಿನ್ ಎಂಬುದೂ ಮುಖ್ಯ. ತಿರುಳಿಗೆ ಹತ್ತಿರ ಹೋದಂತೆ ಸೂಕ್ಷ್ಮ ನಾಳಗಳು ಹೆಚ್ಚಿ ತೇವ ಹೆಚ್ಚುತ್ತದೆ, ಅಂಟು ಬಲ ಇಳಿಯುತ್ತದೆ. ಹಲ್ಲನ್ನು ಅಕ್ರಿಲಿಕ್‌ನಲ್ಲಿ ಕೂರಿಸುವಾಗ ಅದು ಗಟ್ಟಿಯಾಗುತ್ತ ಬಿಸಿಯಾಗುತ್ತದೆ, ತಣ್ಣೀರಿನಲ್ಲಿಟ್ಟು ಗಟ್ಟಿ ಮಾಡಿ.

ಅಂಟಿಸುವ ಜಾಗಕ್ಕೆ ಗಡಿ ಹಾಕದಿದ್ದರೆ ಉಳಿದದ್ದೆಲ್ಲ ವ್ಯರ್ಥ. 3 ಮಿ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ 7.07 ಚದರ ಮಿಲಿಮೀಟರ್, 20 ಮೆಗಾಪ್ಯಾಸ್ಕಲ್ ಎಂದರೆ 141 ನ್ಯೂಟನ್. ಆದರೆ ಬಾಂಡಿಂಗ್ ದ್ರವವನ್ನು ಬ್ರಷ್‌ನಲ್ಲಿ ಹಚ್ಚಿದಾಗ ಅದು ವೃತ್ತದಾಚೆಗೂ ಹರಡಿ ಗಟ್ಟಿಯಾಗುತ್ತದೆ. ಕತ್ತರಿಸುವಾಗ ಆ ಹೊರಗಿನ ಪದರವೂ ಭಾರ ಹೊರುತ್ತದೆ, ಭಾಗಿಸುವುದು ಮಾತ್ರ 7.07ರಿಂದ. ಸಂಖ್ಯೆ ಸುಳ್ಳೇ ಉಬ್ಬುತ್ತದೆ. ರಂಧ್ರ ಕೊರೆದ ತೆಳು ಟೇಪ್ ಅಂಟಿಸಿ ಅದರೊಳಗೇ ಕೆಲಸ ಮಾಡುವುದು ಇದಕ್ಕೆ ಪರಿಹಾರ. ಒತ್ತುವ ಅಲಗು ಹಲ್ಲಿನ ಮೇಲ್ಮೈಗೆ ತಾಗುವಷ್ಟು ಹತ್ತಿರವಿರಬೇಕು. ಅರ್ಧ ಮಿಲಿಮೀಟರ್ ಮೇಲೆ ಬಂದರೂ ಅದು ಕತ್ತರಿಸುವುದನ್ನು ಬಿಟ್ಟು ಸಿಲಿಂಡರನ್ನು ಮೀಟಿ ಎಬ್ಬಿಸುತ್ತದೆ, ಬಲ ತಟ್ಟನೆ ಕಡಿಮೆ ಬರುತ್ತದೆ. ಚೂಪು ಅಲಗಿನ ಬದಲು ಸಿಲಿಂಡರನ್ನು ಅರೆವೃತ್ತದಲ್ಲಿ ಅಪ್ಪಿಕೊಳ್ಳುವ ಕಚ್ಚಿನ ಅಲಗನ್ನೇ 2013ರ ಐಎಸ್‌ಒ 29022 ಮಾನಕ ಮಾಡಿದೆ, ವ್ಯಾಸ 2.38 ಮಿ.ಮೀ. ಒಂದು ಲ್ಯಾಬಿನ ವೈರ್ ಲೂಪ್ (ತಂತಿ ಕುಣಿಕೆಯಿಂದ ಎಳೆದ) ಫಲಿತಾಂಶವನ್ನು ಇನ್ನೊಂದರ ಕಚ್ಚಿನ ಅಲಗಿನ ಫಲಿತಾಂಶದ ಜೊತೆ ಒಂದೇ ಪಟ್ಟಿಯಲ್ಲಿ ಇಡಲಾಗದು.

ಥರ್ಮೋಸೈಕ್ಲಿಂಗ್ ಎಂದರೆ ಬಾಯಿಯ ಬಿಸಿ, ತಣ್ಣನೆಯನ್ನು ಅನುಕರಿಸಲು ಅಂಟಿಸಿದ ಹಲ್ಲನ್ನು 5 ಮತ್ತು 55 ಡಿಗ್ರಿಯ ತೊಟ್ಟಿಗಳ ನಡುವೆ, ಪ್ರತಿಯೊಂದರಲ್ಲೂ ಕನಿಷ್ಠ 20 ಸೆಕೆಂಡ್ ಇಟ್ಟು ತಿರುಗಿಸುವುದು. ಮಾನಕದ 500 ಸುತ್ತು ಬಹಳ ಕಡಿಮೆ. ಗೇಲ್ ಮತ್ತು ಡಾರ್ವೆಲ್ 1999ರಲ್ಲಿ ಬರೆದ ಪ್ರಸಿದ್ಧ ಅಂದಾಜಿನಂತೆ ಬಾಯಿಯ ಒಂದು ವರ್ಷಕ್ಕೆ ಸುಮಾರು 10,000 ಸುತ್ತು. 500 ಸುತ್ತು ಹಾಕಿ "ಬಹುಕಾಲ ಬಾಳುತ್ತದೆ" ಎಂದು ತೀರ್ಮಾನ ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು.

ಮುರಿದ ಮೇಲೆ ಪ್ರತಿ ಹಲ್ಲಿನ ಮೇಲ್ಮೈಯನ್ನೂ ನೋಡಿ, ಎಲ್ಲಿ ಬಿಟ್ಟಿತೆಂದು ಬರೆಯಬೇಕು. ಅಂಟಿನ ಗಡಿಯಲ್ಲೇ ಬಿಟ್ಟಿದ್ದರೆ ನೀವು ಅಳೆದದ್ದು ಅಂಟು ಬಲ. ಡೆಂಟಿನ್ ಚೂರು ಕಿತ್ತು ಬಂದಿದ್ದರೆ ಅಳೆದದ್ದು ಡೆಂಟಿನ್, ಅದನ್ನು "ಅಂಟು ಡೆಂಟಿನ್‌ಗಿಂತ ಬಲ" ಎಂದು ಓದುವುದು ತಪ್ಪು. ಒತ್ತಡ ಮೇಲ್ಮೈಯಲ್ಲಿ ಸಮವಾಗಿ ಹರಡದೆ ಅಲಗಿನ ಹತ್ತಿರ ಒಟ್ಟಾಗುವುದರಿಂದ ಬಿರುಕು ಡೆಂಟಿನ್‌ಗೆ ತಿರುಗುತ್ತದೆ. ಅಂಟಿಸಿದ ಹಲ್ಲನ್ನು ಸಣ್ಣ ಕಡ್ಡಿಗಳಾಗಿ ಕತ್ತರಿಸಿ ಎಳೆದು ನೋಡುವ ಮೈಕ್ರೋಟೆನ್ಸೈಲ್ ವಿಧಾನದಲ್ಲಿ ಜಾಗವನ್ನು 1 ಚದರ ಮಿಲಿಮೀಟರಿಗೆ ಇಳಿಸಿ ಈ ತೊಂದರೆ ಕಡಿಮೆ ಮಾಡುತ್ತಾರೆ. ಅಲ್ಲಿ ಬೇರೆ ತೊಡಕು: ಒಂದು ಹಲ್ಲಿನಿಂದ ಹತ್ತು ಹದಿನೈದು ಕಡ್ಡಿ ಬರುತ್ತವೆ, ಅವುಗಳನ್ನು ಹದಿನೈದು ಬೇರೆ ಬೇರೆ ಸ್ಯಾಂಪಲ್ ಎಂದು ಎಣಿಸಿದರೆ ಇಲ್ಲದ ವ್ಯತ್ಯಾಸವೂ ಅಂಕಿಅಂಶದಲ್ಲಿ ಇರುವಂತೆ ಕಾಣುತ್ತದೆ. ಎಣಿಸಬೇಕಾದದ್ದು ಹಲ್ಲನ್ನು. ಕತ್ತರಿಸುವಾಗಲೇ ಬಿಟ್ಟುಹೋದ ಕಡ್ಡಿಗಳೆಷ್ಟು, ಅವಕ್ಕೆ ಸೊನ್ನೆ ಹಾಕಿದಿರೋ ಕೈಬಿಟ್ಟಿರೋ, ಅದನ್ನೂ ಬರೆಯಬೇಕು. ಹತ್ತರಲ್ಲಿ ಆರು ಕತ್ತರಿಸುವಾಗಲೇ ಉದುರಿ, ಉಳಿದ ನಾಲ್ಕರ ಸರಾಸರಿ ಮಾತ್ರ ವರದಿಯಾದರೆ ಅತಿ ದುರ್ಬಲ ಅಂಟೂ ಬಲಶಾಲಿಯಾಗಿ ಕಾಣುತ್ತದೆ.

ಜೀವಕೋಶಗಳ ಮೇಲಿನ ಪರೀಕ್ಷೆಗೆ ಇಂಥ ಬಿಲ್ಲೆಗಳನ್ನು ಕೊಡುವುದಾದರೆ ಎರಡು ಮಾತು. ಬಿಲ್ಲೆಯನ್ನು ದ್ರವದಲ್ಲಿ ನೆನೆಸಿ, ಆ ದ್ರವವನ್ನು ಕೋಶಗಳಿಗೆ ಹಾಕಿ ನೋಡುತ್ತಾರೆ. ಐಎಸ್‌ಒ 10993ರಂತೆ ಸಾಮಗ್ರಿಯ ಮೇಲ್ಮೈ ಮತ್ತು ದ್ರವದ ಪ್ರಮಾಣ ನಿಗದಿಯಾಗಿದೆ, ಅರ್ಧ ಮಿಲಿಮೀಟರಿಗಿಂತ ದಪ್ಪದ ತುಂಡಿಗೆ ಮಿಲಿಲೀಟರಿಗೆ 3 ಚದರ ಸೆಂಟಿಮೀಟರ್. 10 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪದ ಬಿಲ್ಲೆಗೆ ಅಂಚೂ ಸೇರಿ 1.88 ಚದರ ಸೆಂಟಿಮೀಟರ್, ಹಾಗಾಗಿ 0.63 ಮಿಲಿಲೀಟರ್ ದ್ರವ. ಕಣ್ಣಳತೆಯಲ್ಲಿ 2 ಮಿಲಿಲೀಟರ್ ಸುರಿದರೆ ವಿಷ ಮೂರು ಪಟ್ಟು ತೆಳುವಾಗಿ ಯಾವ ಸಾಮಗ್ರಿಯೂ ಪಾಸಾಗುತ್ತದೆ. ಎಂಟಿಟಿ ಎಂಬ, ಬದುಕಿದ ಕೋಶಗಳೆಷ್ಟೆಂದು ಬಣ್ಣದಿಂದ ಅಳೆಯುವ ಪರೀಕ್ಷೆಯಲ್ಲಿ ಜೀವಂತ ಕೋಶ ಶೇ. 70ಕ್ಕಿಂತ ಕೆಳಗಿಳಿದರೆ ಸಾಮಗ್ರಿ ವಿಷಕಾರಿ ಎಂದು ಲೆಕ್ಕ. ಬಿಲ್ಲೆಯ ಮೇಲೆ ಆಮ್ಲಜನಕದಿಂದ ಗಟ್ಟಿಯಾಗದೆ ಉಳಿದ ಅಂಟುಪದರವಿದ್ದರೆ, ಅದರಿಂದ ಕರಗಿ ಬರುವ ಮೊನೋಮರೇ ಕೋಶಗಳನ್ನು ಕೊಲ್ಲುತ್ತದೆ. ದಂತವೈದ್ಯರು ಪಾಲಿಶ್ ಮಾಡಿ ತೆಗೆಯುವ ಪದರ ಅದು. ಪಾಲಿಶ್ ಮಾಡಿದ ಬಿಲ್ಲೆ, ಮಾಡದ ಬಿಲ್ಲೆ ಎರಡನ್ನೂ ಬೇರೆ ಬೇರೆ ಗುಂಪಾಗಿ ಕೊಟ್ಟು, ಯಾವುದು ಯಾವುದೆಂದು ಲೇಬಲ್ ಹಚ್ಚಿ ಕಳಿಸಿ.